ಭಾಷಣಕ್ಕೆ ಬಂದವನಲ್ಲ

ಇವಳೇ,

ನೀನು ತೀರಿಕೊಂಡ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದವಿದು. ವಿಳಾಸ ಬರೆಯುವ ಕಷ್ಟವಿಲ್ಲ. ಕುಡಿತ ಬಿಡುವವರ ಗುಂಪೊಂದಿದೆ, ಒಮ್ಮೆ ಹೋಗಿಬನ್ನಿ ಎಂದು ನೀನು ಹೇಳುತ್ತಲೇ ಇದ್ದೆಯಲ್ಲ, ಇಂದು ಸಂಜೆ ಹೋಗಿದ್ದೆ. ಗುಂಪು ಸೇರುವುದು ಗ್ರಂಥಾಲಯದ ಮಹಡಿಯಲ್ಲಿ. ಅದು ಗೊತ್ತಿಲ್ಲದೆ, ಕೇಳಿದರೆ ಊರಿಗೆಲ್ಲ ಡಂಗುರವಾದೀತೆಂದು ಯಾರನ್ನೂ ಕೇಳದೆ ಬೀದಿ ಬೀದಿ ಸುತ್ತಿ, ಕೊನೆಗೆ ಬೋರ್ಡು ನೋಡಿ ಹತ್ತಿದೆ.

ಒಳಗೆ ಹೋದವನು ಅಭ್ಯಾಸಬಲದಿಂದ ನೇರವಾಗಿ ಕರಿಹಲಗೆಯ ಬಳಿ ಹೋಗಿ, ಎಲ್ಲರಿಗೂ ಎದುರಾಗಿ ನಿಂತುಬಿಟ್ಟೆ. ಗದ್ದಲ ಅಡಗಿತು. ನಲ್ಲಿ ರಿಪೇರಿ ಮಾಡುವ ಹಳೆಯ ಶಿಷ್ಯನೊಬ್ಬ ಎದ್ದು, "ನಮ್ಮ ಮೇಷ್ಟ್ರು! ಬುದ್ಧಿ ಹೇಳೋಕೆ ಬಂದಿದಾರೆ. ಸುಮ್ನೆ ಕೂತ್ಕೊಳ್ರಪ್ಪಾ, ಇಲ್ಲಾಂದ್ರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ!" ಎಂದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ಮದ್ಯಪಾನದ ದುಷ್ಪರಿಣಾಮಗಳನ್ನು ಕುರಿತು ಅರ್ಧ ಗಂಟೆ ಮಾತನಾಡಿ, ಮರ್ಯಾದೆಯಿಂದ ಮನೆಗೆ ಮರಳಬಹುದಿತ್ತು. ಮಾತೂ ನಾಲಿಗೆಯ ತುದಿಯಲ್ಲೇ ಇತ್ತು.

"ಭಾಷಣಕ್ಕೆ ಬಂದವನಲ್ಲಪ್ಪ. ನಾನೂ ಕುಡೀತೀನಿ," ಎಂದೆ.

ಯಾರೂ ನಗಲಿಲ್ಲ. ಶಿಷ್ಯ ತನ್ನ ಪಕ್ಕದ ಕುರ್ಚಿಯ ಧೂಳನ್ನು ಅಂಗೈಯಿಂದ ಒರೆಸಿ, "ಹಾಗಾದ್ರೆ ಇಲ್ಲಿ ಬನ್ನಿ ಸಾರ್," ಎಂದ.

ಹೊರಡುವಾಗ ಅವನೇ ಮೆಟ್ಟಿಲಿನವರೆಗೆ ಬಂದ. "ಮುಂದಿನ ವಾರ ಅಮ್ಮನವರನ್ನೂ ಕರ್ಕೊಂಡ್ ಬನ್ನಿ ಸಾರ್. ಮನೆಯವರಿಗೂ ಪಕ್ಕದ ಕೋಣೇಲಿ ಒಂದು ಗುಂಪಿದೆ. ಪಾಪ, ಅವರೂ ಎಷ್ಟು ಅನುಭವಿಸಿರ್ತಾರೋ."

"ಆಗಲಿ," ಎಂದೆ.

ಆ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಹೆಂಗಸರು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಅವರ ಜೊತೆ ನಿನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.