ಒದ್ದೆಯಾಗದ ತುದಿ

ಮಾರ್ಚ್ ೧೧, ಮಂಗಳವಾರ

ನನ್ನ ಮುದ್ದು ಮಗಳಿಗೆ,

ಅಪ್ಪನ ಪ್ರೀತಿಯ ಆಶೀರ್ವಾದಗಳು. ಇಷ್ಟು ದಿನ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಆಪರೇಷನ್ ಆದ ಮೇಲೆ ಬಲಗೈಗೇ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದ್ದರು. ಎಡಗೈಯಲ್ಲಿ ಬರೆಯೋಣವೆಂದು ಕೂತರೆ ಕೋಳಿ ಕೆದರಿದ ಹಾಗೆ ಬಂತು. ಇದನ್ನು ಕಳಿಸಿದರೆ ಮಗಳು ಹೆದರಿಯಾಳು ಎಂದು ನಿಮ್ಮಮ್ಮ ಹರಿದುಹಾಕಿದಳು. ನಿನ್ನೆ ಸೂಜಿ ತೆಗೆದರು. ಇವತ್ತು ತಿಂಡಿಯ ಬದಲು ಮೂಗಿನ ನಳಿಗೆಯಲ್ಲಿ ಗಂಜಿ ಬಿಟ್ಟು ಹೋದ ಮೇಲೆ ಮೊದಲು ಹಿಡಿದದ್ದು ಈ ಪೆನ್ನು.

ನಾಲಿಗೆಯ ವಿಷಯ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅರ್ಧ ಉಳಿಸುತ್ತೇವೆ ಎಂದಿದ್ದರು. ಕೊಯ್ದು ನೋಡಿದ ಮೇಲೆ ಉಳಿಸುವಂಥದ್ದು ಏನೂ ಇರಲಿಲ್ಲವಂತೆ. ನರ್ಸಮ್ಮ ಒಂದು ಸ್ಲೇಟು ತಂದುಕೊಟ್ಟಿದ್ದಾರೆ, ಈಗ ನನ್ನ ಮಾತೆಲ್ಲ ಅದರಲ್ಲೇ. ಆದರೆ ನಿಮ್ಮಮ್ಮನೊಡನೆ ವಾದಕ್ಕೆ ಇಳಿದರೆ ನಾನು ಅರ್ಧ ಬರೆಯುವಷ್ಟರಲ್ಲಿ ಸೆರಗಿನಿಂದ ಒರೆಸಿಬಿಡುತ್ತಾಳೆ. ಮದುವೆಯಾದ ಮೇಲೆ ಈಗಲೇ ಮೊದಲ ಸಲ ತನ್ನ ಮಾತು ಪೂರ್ತಿ ಮುಗಿಯುತ್ತಿದೆಯೆಂದು ನರ್ಸಮ್ಮನ ಹತ್ತಿರ ಹೇಳಿಕೊಂಡು ನಕ್ಕಳು. ನಗುತ್ತ ನಗುತ್ತಲೇ ಬಾತ್‌ರೂಮಿಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ವಾರ್ಡು ಪರವಾಗಿಲ್ಲ. ನನ್ನದು ಕಿಟಕಿಯ ಪಕ್ಕದ ಮಂಚ. ಕೆಳಗೆ ಬಟ್ಟೆ ಒಗೆಯುವ ಶೆಡ್ಡು, ದಿನವಿಡೀ ಹಬೆ ಬರುತ್ತಿರುತ್ತದೆ. ಆಚೆ ಮಂಚದಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಅವನ ಎಡಗೆನ್ನೆ ಪೂರ್ತಿ ತೆಗೆದು ತೊಡೆಯ ಮಾಂಸ ಹಾಕಿ ಹೊಲಿದಿದ್ದಾರೆ. ಮಾತು ತೊದಲಾದರೂ ಬಾಯಿಬಡುಕ ಎಂದರೆ ಬಾಯಿಬಡುಕ. ನನ್ನ ಪಾಲಿನದನ್ನೂ ಅವನೇ ಆಡುತ್ತಾನೆ.

ನೀನು ಇಲ್ಲಿಗೆ ಬರುವುದಿಲ್ಲ ಎಂದೆಯಂತೆ. ಅಪ್ಪನಿಗೆ ಯಾವ ಮುಖ ತೋರಿಸಲಿ ಎಂದೆಯಂತೆ. ಮುಖದ ಸುದ್ದಿ ನನ್ನ ಹತ್ತಿರ ಎತ್ತಬೇಡ ಮಗಳೇ, ಅದರಲ್ಲಿ ನಿನಗಿಂತ ನಾನೇ ಹಿಂದೆ ಬಿದ್ದಿದ್ದೇನೆ. ಶುಕ್ರವಾರ ಇನ್ನೊಂದು ಆಪರೇಷನ್ ಇದೆ. ರೋಗ ದವಡೆಗೆ ಇಳಿದಿದೆಯಂತೆ. ಕೆಳದವಡೆ ಅರ್ಧ ಹೋಗುತ್ತದೆ, ಜೊತೆಗೆ ಕೆಳತುಟಿಯೂ ಹೋಗುತ್ತದೆ. ಆಮೇಲೆ ಉಳಿಯುವ ಮುಖ ಹೇಗಿರುತ್ತದೆಂದು ಡಾಕ್ಟರು ಒಂದು ಫೋಟೊ ತೋರಿಸಿದರು. ನಾನು ನೋಡಿ ಹಿಂದಕ್ಕೆ ಕೊಟ್ಟೆ, ಅಮ್ಮನಿಗೆ ತೋರಿಸಬೇಡಿ ಎಂದು ಬರೆದೆ. ನೀನು ಹುಟ್ಟಿದಾಗಿನಿಂದ ನೋಡಿದ ಮುಖ ಶುಕ್ರವಾರದವರೆಗೆ ಮಾತ್ರ ಇರುತ್ತದೆ. ಅಷ್ಟರೊಳಗೆ ಒಂದು ಸಲ ಬಂದು ನೋಡಿಕೊಂಡು ಹೋಗು. ನನಗೆ ಬೇಕಾದದ್ದು ಇಷ್ಟೇ. ಈ ಕಾಗದ ಬರೆಯುತ್ತಿರುವುದೂ ಇಷ್ಟಕ್ಕೇ.

ಅಪ್ಪನಿಗೆ ಹೀಗಾದದ್ದು ನನ್ನಿಂದಲೇ ಎಂದು ಅಮ್ಮನ ಮುಂದೆ ಅತ್ತೆಯಂತೆ. ಮಲಗಿದಲ್ಲೇ ಎಲ್ಲವನ್ನೂ ಮೊದಲಿನಿಂದ ನೆನೆಸಿಕೊಂಡೆ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಬೇರೆ ಕೆಲಸವಾದರೂ ಏನಿದೆ.

ಸಿಗರೇಟು ಫ್ಯಾಕ್ಟರಿಯಲ್ಲಿ ನನ್ನನ್ನು ಎಲ್ಲರೂ ‘ನಲ್ಲಿ’ ಎಂದು ಕರೆಯುತ್ತಿದ್ದರು. ನಾನು ಎರಡು ದಮ್ಮು ಎಳೆದು ಕೊಟ್ಟ ಸಿಗರೇಟನ್ನು ಯಾರೂ ಮುಟ್ಟುತ್ತಿರಲಿಲ್ಲ. ತುದಿ ಅಷ್ಟು ತೊಯ್ದಿರುತ್ತಿತ್ತು. ಬೇರೆಯವರದಾದರೆ ಎಂಜಲು, ನಿನ್ನದಾದರೆ ಸ್ನಾನ ಎಂದು ನನ್ನ ಜೊತೆ ಮಿಷನ್ನು ನಡೆಸುತ್ತಿದ್ದ ಕುಳ್ಳ ಗೇಲಿ ಮಾಡುತ್ತಿದ್ದ. ಫಿಲ್ಟರಿನ ಮೇಲೆ ಕಾಗದ ಸುತ್ತುವ ಮಿಷನ್ನಿಗೆ ನಾನೇ ಮೇಸ್ತ್ರಿ, ನಾನು ಸುತ್ತಿಸಿದ ಕಾಗದ ನನ್ನ ಬಾಯಲ್ಲೇ ನಿಲ್ಲುತ್ತಿರಲಿಲ್ಲ. ಅದನ್ನೊಂದು ದೊಡ್ಡ ತಮಾಷೆಯೆಂದು ನಾನೂ ಹೇಳಿಕೊಂಡು ತಿರುಗುತ್ತಿದ್ದೆ.

ನಾನು ನಿವೃತ್ತನಾದ ಮೇಲೆ ನೀನು ಅದೇ ಫ್ಯಾಕ್ಟರಿಗೆ ಡಿಸೈನಿಗೆ ಸೇರಿದೆ. ನಿನಗೆ ಕೊಟ್ಟ ಮೊದಲ ದೊಡ್ಡ ಕೆಲಸವೇ ಸಿಗರೇಟಿನ ಬಾಯಿಗಿಡುವ ತುದಿಯದು. ತುದಿ ಒದ್ದೆಯಾಗಿ ಮೆತ್ತಗಾಗುತ್ತದೆ, ತುಟಿಗೆ ಅಂಟಿಕೊಂಡು ಚರ್ಮ ಕಿತ್ತುಬರುತ್ತದೆ ಎಂದು ಅಂಗಡಿಗಳಿಂದ ದೂರು ಬಂದಿತ್ತು. ಆವತ್ತು ಸಂಜೆ ನೀನು ಚಪ್ಪಲಿ ಕೂಡ ಬಿಚ್ಚದೆ ಅಡುಗೆಮನೆಗೆ ಬಂದು, “ಅಪ್ಪಾ, ನಿನ್ನ ಬಾಯಿ ಸ್ವಲ್ಪ ಸಾಲ ಕೊಡು” ಎಂದೆ. ನಿಮ್ಮಮ್ಮ ಸೌಟು ಹಿಡಿದುಕೊಂಡೇ ನಕ್ಕಳು. ಅಪ್ಪನ ಬಾಯಲ್ಲಿ ನಿಂತರೆ ಯಾರ ಬಾಯಲ್ಲಾದರೂ ನಿಲ್ಲುತ್ತದೆ ಎಂಬುದು ನಿನ್ನ ಲೆಕ್ಕ.

ಆಮೇಲೆ ಪ್ರತಿ ವಾರ ಮಾದರಿಗಳು ಬಂದವು. ಹಚ್ಚುವುದಿಲ್ಲ, ಎಳೆಯುವುದಿಲ್ಲ, ತುಟಿಗಳ ನಡುವೆ ಸುಮ್ಮನೆ ಹಿಡಿದಿರಬೇಕು. ನೀನು ಗೋಡೆಯ ಗಡಿಯಾರ ನೋಡುತ್ತ ಎದುರಿಗೆ ಕೂತಿರುತ್ತಿದ್ದೆ. ಮೇಣ ಹಚ್ಚಿದ್ದು ಬಂತು, ಅದು ಬಾಯಿಯ ಬಿಸಿಗೇ ಕರಗಿ ಮೇಣದಬತ್ತಿ ಚೀಪಿದಂತಾಯಿತು. ಉಗುರಿನ ಬಣ್ಣದ ವಾಸನೆಯ ಲೇಪದ್ದು ಬಂತು. ಅದು ಮೇಲ್ಗಡೆ ಒಣಗಿಯೇ ಇತ್ತು, ಒಳಗೆ ಮಾತ್ರ ನೆನೆದ ಹತ್ತಿ. ನೀನು ಬ್ಲೇಡಿನಿಂದ ಸೀಳಿ, ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ನೋಡಿದೆ. ನೀರು ಮೇಲಿನಿಂದ ಇಳಿಯುತ್ತಿಲ್ಲ, ಕತ್ತರಿಸಿದ ಅಂಚಿನಿಂದ ಹೀರಿಕೊಳ್ಳುತ್ತಿದೆ ಎಂದು ಕೂಗಿಕೊಂಡೆ. ಕತ್ತರಿಸಿದ ಮೇಲೆ ಲೇಪ ಹಾಕಬೇಕು, ಫಿಲ್ಟರನ್ನು ಕೂದಲೆಳೆಯಷ್ಟು ಒಳಗೆ ಸರಿಸಿ ಕಾಗದವನ್ನು ಮುಂದೆ ಬಿಡಬೇಕು ಎಂದೆ. ಆವತ್ತು ನಿನ್ನ ಮುಖದಲ್ಲಿದ್ದ ಬೆಳಕು ನೋಡಿ ನನಗೆ ಹೊಟ್ಟೆ ತುಂಬಿತು. ಮೇಸ್ತ್ರಿಯ ಮಗಳಿಗೆ ಇಷ್ಟು ತಲೆ ಎಲ್ಲಿಂದ ಬಂತೆಂದು ಕುಳ್ಳನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ.

ಆದರೆ ಅದೂ ನನ್ನ ಬಾಯಲ್ಲಿ ಸೋತಿತು. ಫ್ಯಾಕ್ಟರಿಯಲ್ಲಿ ನಾಲ್ಕು ಜನ ಹಿಡಿದು ನೋಡಿದರೆ ಗಟ್ಟಿಯಾಗಿಯೇ ಇರುತ್ತಿತ್ತು, ಮನೆಗೆ ಬಂದರೆ ಮೆತ್ತಗಾಗುತ್ತಿತ್ತು. ನೀನು ಲೇಪವನ್ನು ಇನ್ನಷ್ಟು ದಪ್ಪ ಮಾಡಿದೆ. ನಾನು ಇನ್ನಷ್ಟು ಒದ್ದೆ ಮಾಡಿದೆ. ನೀನು ಎರಡು ಸಲ ಹಾಕಿಸಿದೆ. ಅದನ್ನೂ ನಾನು ತೋಯಿಸಿದೆ. ಜೊಲ್ಲು ಅಂಗಿಯ ಕಾಲರಿನವರೆಗೆ ಇಳಿಯುತ್ತಿತ್ತು, ನಿಮ್ಮಮ್ಮ ಕೊರಳಿಗೆ ಟವೆಲ್ ಕಟ್ಟುತ್ತಿದ್ದಳು. ಮೂವರೂ ನಗುತ್ತಿದ್ದೆವು. ನಲ್ಲಿ ಹಳೆಯದಾಗಿದೆ, ವಾಷರ್ ಸವೆದಿದೆ ಎಂದು ನಾನೇ ಹೇಳುತ್ತಿದ್ದೆ. ನನ್ನ ಬಾಯನ್ನು ಗೆದ್ದೇ ತೀರುತ್ತೇನೆ ಎಂದು ನೀನು ಹಟ ಹಿಡಿದೆ, ನಾನು ಸೋಲುವುದಿಲ್ಲವೆಂದು ಕೂತೆ. ನಿವೃತ್ತಿಯಾದ ಮೇಲೆ ಅಷ್ಟು ಸಂತೋಷದ ದಿನಗಳು ನನಗೆ ಬರಲೇ ಇಲ್ಲ.

ಕೊನೆಗೆ ನೀನೇ ಗೆದ್ದೆ. ಮೊದಲೆಲ್ಲ ಬಿಳಿ ಕಾಗದದ ಮೇಲೆ ಮಾಡುತ್ತಿದ್ದೆ, ಗೆದ್ದದ್ದು ಕಂದು ಕಾಗದದ್ದು. ಮಾರಾಟದವರಿಗೆ ಕಂದು ಬಣ್ಣವೇ ಬೇಕಂತೆ ಎಂದು ನೀನು ಹೇಳಿದ ನೆನಪು. ಆ ತುದಿ ನನ್ನ ಬಾಯಲ್ಲಿ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ನಿಂತಿತು.

ಅದಾದ ಮೇಲೆ ಊಟ ಗಂಟಲಿಗೆ ಸಿಕ್ಕಿ ಇಲ್ಲಿಗೆ ಬಂದದ್ದು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಜೊಲ್ಲು ಹೆಚ್ಚಾದದ್ದು ಯಾವಾಗಿನಿಂದ ಎಂದು ಕೇಳಿದರು. ನನಗೆ ತಿಂಗಳು ನೆನಪಿಗೆ ಬರಲಿಲ್ಲ, ಮಾದರಿಗಳು ನೆನಪಿಗೆ ಬಂದವು. ಮೇಣದ್ದು ಬಂದಾಗ ನನ್ನದು ಎಂದಿನ ಬಾಯಿ. ಉಗುರಿನ ಬಣ್ಣದ್ದು ಬಂದಾಗ ಸ್ವಲ್ಪ ಜಾಸ್ತಿ. ಎರಡು ಸಲ ಲೇಪ ಹಾಕಿದ್ದು ಬಂದಾಗ ಟವೆಲ್. ಆಗ ನನಗೆ ಇನ್ನೂ ಮಾತು ಇತ್ತಲ್ಲ, ಅದನ್ನೇ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನಾಲಿಗೆಯ ಬುಡದಲ್ಲಿ ಗಡ್ಡೆ ಬೆಳೆದು ಎಂಜಲು ನುಂಗಲಾಗದೆ ಹೊರಗೆ ಬರುತ್ತಿತ್ತು, ಅದಕ್ಕೆ ತಕ್ಕ ಹಾಗೆ ನೀವು ಸಿಗರೇಟು ರಿಪೇರಿ ಮಾಡುತ್ತ ಹೋದಿರಿ ಎಂದರು. ನೀನು ಬಾಗಿಲ ಹತ್ತಿರ ನಿಂತಿದ್ದೆ. ಆವತ್ತು ಹೋದವಳು ಮತ್ತೆ ಈ ಕಡೆ ಮುಖ ಹಾಕಲಿಲ್ಲ.

ಇದರಲ್ಲಿ ನಿನ್ನ ತಪ್ಪು ಏನಿದೆ ಹೇಳು. ರೋಗ ತಂದದ್ದು ನೀನಲ್ಲ. ಫ್ಯಾಕ್ಟರಿ ವಾರವಾರ ಪುಕ್ಕಟೆ ಕೊಟ್ಟ ಪ್ಯಾಕೆಟ್ಟುಗಳನ್ನು ಪ್ರಾಯದಿಂದಲೂ ಸುಟ್ಟವನು ನಾನು. ಒದ್ದೆ ಬಾಯಿಯವನೆಂದು ಊರೆಲ್ಲ ಡಂಗುರ ಹೊಡೆದವನೂ ನಾನು. ನಲ್ಲಿ ಸೋರಿದರೆ ಯಾರು ತಾನೆ ಆಶ್ಚರ್ಯಪಟ್ಟಾರು.

ಇನ್ನೊಂದು ಸುದ್ದಿ. ಭಾನುವಾರ ಕುಳ್ಳ ಬಂದಿದ್ದ. ಪಾಪ, ನನಗೆ ಖುಷಿಯಾಗಲೆಂದು ಜೇಬಿನಿಂದ ಹೊಸ ಪ್ಯಾಕೆಟ್ಟು ತೆಗೆದು ಮಂಚದ ಮೇಲಿಟ್ಟ. ನಿನ್ನ ಕಂದು ತುದಿಯದು. ಅಂಗಡಿಗೆ ಬಂದಿದೆಯಂತೆ, ಚೆನ್ನಾಗಿ ಹೋಗುತ್ತಿದೆಯಂತೆ. ಅಮ್ಮ ಅದನ್ನು ಕಿಟಕಿಯಾಚೆ ಎಸೆಯಲು ಎದ್ದಳು. ಅಷ್ಟರಲ್ಲಿ ಲಾರಿ ಡ್ರೈವರ್ ಕೈ ಚಾಚಿದ. ಹಚ್ಚುವುದಿಲ್ಲ ತಾಯಿ, ಸುಮ್ಮನೆ ಬಾಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಗೋಗರೆದ. ಅವನ ಬಾಯಿ ಒಂದು ಕಡೆ ಮುಚ್ಚುವುದೇ ಇಲ್ಲ, ಯಾವಾಗಲೂ ಹರಿಯುತ್ತಿರುತ್ತದೆ. ಇಟ್ಟುಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸಿಸ್ಟರ್ ಬರುವ ಸದ್ದು ಕೇಳಿ ತೆಗೆದು ನೋಡಿದರೆ ತುದಿ ಗಟ್ಟಿಯಾಗಿಯೇ ಇತ್ತು. ಅವನ ಕಣ್ಣಲ್ಲಿ ನೀರು ಬಂತು.

“ನೋಡಿ ಯಜಮಾನ್ರೇ,” ಎಂದ, “ಯಾರೋ ಪುಣ್ಯಾತ್ಮರು ನಮ್ಮಂಥ ಬಾಯಿಯವರನ್ನ ನೋಡ್ಕೊಂಡೇ ಮಾಡಿದಾರೆ.”

ನಾನು ಸ್ಲೇಟು ತೆಗೆದುಕೊಂಡು, ಎಡಗೈಯಲ್ಲೇ ‘ನನ್ನ ಮಗಳು’ ಎಂದು ಗೀಚಿ ತೋರಿಸಿದೆ. ಬರೆಯುವಾಗ ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಸ್ಲೇಟನ್ನು ಮಗುಚಿಟ್ಟು ಗೋಡೆಯ ಕಡೆ ತಿರುಗಿ ಮಲಗಿದೆ. ಅಮ್ಮ ಪ್ಯಾಕೆಟ್ಟನ್ನು ಹಬೆ ಬರುವ ಶೆಡ್ಡಿನ ಮೇಲೆ ಎಸೆದಳು. ಅದು ತಗಡಿನ ಮೇಲೆ ಇನ್ನೂ ಬಿದ್ದಿದೆ, ನಾನು ಮಲಗಿದಲ್ಲಿಗೇ ಕಾಣುತ್ತದೆ.

ಕೆಲಸ ಬಿಡುತ್ತೇನೆ ಎಂದೆಯಂತೆ. ಬಿಡುವುದು, ಇರುವುದು ನಿನಗೆ ಬಿಟ್ಟದ್ದು, ನಾನು ಅಡ್ಡ ಬರುವುದಿಲ್ಲ. ಹೊತ್ತುಹೊತ್ತಿಗೆ ಊಟ ಮಾಡು. ಒಬ್ಬಳೇ ಬಾಗಿಲು ಹಾಕಿಕೊಂಡು ಕೂರಬೇಡ. ಬರುವಾಗ ನನ್ನ ಕನ್ನಡಕದ ಹಳೆಯ ಡಬ್ಬಿ ತಾ, ಇಲ್ಲಿಯದು ಮುಚ್ಚಿಕೊಳ್ಳುವುದಿಲ್ಲ. ಅಮ್ಮನಿಗೆ ಒಂದು ಹೊದಿಕೆ ತಾ, ಕಬ್ಬಿಣದ ಸ್ಟೂಲಿನ ಮೇಲೆ ಕೂತು ಅವಳ ಸೊಂಟ ಹಿಡಿದಿದೆ. ಗುರುವಾರ ಸಂಜೆಯವರೆಗೂ ಒಳಗೆ ಬಿಡುತ್ತಾರೆ. ಬಾಗಿಲ ಹತ್ತಿರ ನಿಲ್ಲಬೇಡ, ಮಂಚದವರೆಗೆ ಬಾ.

ನೀನು ನೂರು ವರ್ಷ ಬಾಳು. ನಿನ್ನ ಕೈಗೂ ಕಣ್ಣಿಗೂ ಒಳ್ಳೆಯದಾಗಲಿ.

ಇಂತಿ ನಿನ್ನ,
ಅಪ್ಪ

ಮರೆತ ಮಾತು: ಇದನ್ನು ಬರೆಯಬಾರದೆಂದುಕೊಂಡು ಕಾಗದ ಮಡಿಸಿಯೂ ಆಗಿತ್ತು. ಬಿಳಿ ಕಾಗದದ ಕೊನೆಯ ಮಾದರಿಯ ದಿನ ನಿನಗೆ ನೆನಪಿದೆಯಲ್ಲ. ನನ್ನ ಬಾಯಿಂದ ತೆಗೆದುಕೊಂಡು ನೋಡಿದಾಗ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನೀನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. “ಅಪ್ಪಾ, ಬೀಟ್‌ರೂಟ್ ತಿಂದ್ಯಾ?” ಎಂದು ಕೇಳಿದೆ. ಹೂಂ ಎಂದೆ. ಆ ವಾರ ನಮ್ಮ ಮನೆಗೆ ಬೀಟ್‌ರೂಟ್ ಬಂದಿರಲಿಲ್ಲ, ತರಕಾರಿ ತಂದವಳು ನೀನೇ. ಅದರ ಮುಂದಿನ ಮಾದರಿ ಕಂದು ಕಾಗದದಲ್ಲಿ ಬಂತು. ಆ ಬಣ್ಣ ಮಾರಾಟದವರು ಕೇಳಿದ್ದೇ ಇರಬಹುದು, ನಾನು ಅದನ್ನು ಎಂದೂ ಕೇಳುವುದಿಲ್ಲ. ನೀನೂ ಬಂದಾಗ ಆ ಮಾತು ಎತ್ತಬೇಡ, ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಆದರೆ ಆವತ್ತು ಹೂಂ ಎಂದ ಮೇಲೂ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಇನ್ನೊಂದು ಸಲ ಕೇಳಿದ್ದರೆ ರಕ್ತವೆಂದು ಹೇಳಿಬಿಡುತ್ತಿದ್ದೆ, ಮಗಳೇ. ನೀನು ಗಡಿಯಾರ ನೋಡಿದೆ.