ಮಹಡಿ ಕೋಣೆಗೆ ಬರುವ ಹುಡುಗಿ

ರೀ,

ನಾನು ಅಕ್ಕನ ಮನೆಗೆ ಹೊರಟೆ. ಹತ್ತು ಗಂಟೆಗೆ ಮಹಡಿ ಕೋಣೆ ವಿಚಾರಕ್ಕೆ ಒಬ್ಬಳು ಕಾಲೇಜು ಹುಡುಗಿ ಬರ್ತಾಳೆ. ದಮ್ಮಯ್ಯ, ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಬಿಡಿಸು ಅನ್ನಬೇಡಿ! ಹೋದ ವಾರ ಬಂದ ಇಬ್ಬರೂ ಅದಕ್ಕೇ ಕಾಲಿಗೆ ಬುದ್ಧಿ ಹೇಳಿದ್ರು. ನೀವು ರಿಟೈರ್ ಆಗಿ ನಾಲ್ಕು ವರ್ಷ ಆಯ್ತು, ಮೇಷ್ಟ್ರೇ.

ಪಾಪ, ಕಾಲೇಜಿನ ಹತ್ತಿರ ಬಾಡಿಗೆ ಕೈಗೆಟುಕದೆ ದಿನಾ ನಾಲ್ಕು ಗಂಟೆ ಬಸ್ಸಲ್ಲೇ ಕಳೀತಾಳೆ. ನಾನು ಹೇಳಿದ ಕಡಿಮೆ ಬಾಡಿಗೆ ಕೇಳಿ ಖುಷಿಗೆ ಕಣ್ಣು ತುಂಬ್ಕೊಂಡಳು. ನೀವು ಏರಿಸೀರಿ, ಜೋಕೆ!

ನಿಮ್ಮ ಹಳೇ ಪುಸ್ತಕದ ಗಂಟು ಕೆಳಗಿಳಿಸಿ. ಶೇವ್ ಮಾಡ್ಕೊಳ್ಳಿ.

ನಿನ್ನೆ ನೀವು ವಾಕಿಂಗ್ ಹೋದಾಗಲೇ ಅವಳು ಕೋಣೆ ನೋಡಿ ಒಪ್ಪಿದಾಳೆ. ಆದರೆ ನಿಮ್ಮ ಸುದ್ದಿ ಕಾಲೇಜೆಲ್ಲ ಹಬ್ಬಿದೆ. ಅವಳು ಬರ್ತಿರೋದು ನಿಮ್ಮನ್ನ ನೋಡೋಕೆ.

ಇವತ್ತು ಪರೀಕ್ಷೆ ನಿಮಗೆ.