ಏಳನೇ ಅಧ್ಯಾಯದ ಕೂಗು

೧೪ ಜೂನ್, ಶುಕ್ರವಾರ

ಪ್ರೀತಿಯ ತಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವವನಲ್ಲ, ಆದರೂ ಪತ್ರ ಶುರುವಾಗುವುದು ಹಾಗೆಯೇ ತಾನೇ. ನಿನ್ನ ಭಾವನ ಮಂಡಿನೋವು ಇದ್ದ ಹಾಗೇ ಇದೆ. ನನಗೆ ಹೊಸ ಕನ್ನಡಕ ಬಂದಿದೆ, ಸೂಜಿಗೆ ದಾರ ಪೋಣಿಸುವಾಗ ಬೈಗುಳ ಸ್ವಲ್ಪ ಕಡಿಮೆಯಾಗಿದೆ. ನೀನು ಬರೆದ ಪುಸ್ತಕ ಕಳಿಸಿ, ‘ಓದಿ, ಮುಲಾಜಿಲ್ಲದೆ ಅಭಿಪ್ರಾಯ ಬರಿ’ ಎಂದು ಮೊದಲ ಪುಟದಲ್ಲೇ ಅಪ್ಪಣೆ ಕೊಡಿಸಿದ್ದೆ. ಫೋನಿನಲ್ಲೂ ನೀನು ಕೇಳಿದೆ. ನಾನು ಪ್ರತಿ ಸಲವೂ ಒಲೆಯ ಮೇಲೆ ಹಾಲಿದೆ ಎಂದು ಫೋನಿಟ್ಟೆ. ಅಷ್ಟು ಹಾಲು ಕಾಯಿಸುವ ಮನೆ ಇದಲ್ಲ ಎಂದು ನಿನಗೆ ಹೊಳೆದಿರಬೇಕು. ತಡವಾಯಿತು, ಕ್ಷಮಿಸು.

ನನ್ನೊಬ್ಬಳದ್ದೇ ಯಾಕೆ, ಇಲ್ಲಿಯವರೆಲ್ಲರ ಅಭಿಪ್ರಾಯವನ್ನೂ ಬರೆಯುತ್ತೇನೆ. ಇಲ್ಲಿಯ ಲೈಬ್ರರಿಯ ಮಹಡಿಯಲ್ಲಿ, ಹಳೇ ಪೇಪರ್ ಕಟ್ಟಿಡುವ ಕೋಣೆಯಲ್ಲಿ, ಶನಿವಾರ ಸಂಜೆ ನಾವೊಂದಷ್ಟು ಜನ ಸೇರುತ್ತೇವೆ. ಯಾರು ಯಾವ ಪುಸ್ತಕ ಹಿಡಿದಿದ್ದಾರೋ ಅದರ ಬಗ್ಗೆ ಮಾತಾಡುವುದು. ನರ್ಸಮ್ಮ ಪತ್ತೇದಾರಿ ಪುಸ್ತಕ ಬಿಟ್ಟು ಬೇರೇನೂ ಮುಟ್ಟುವವಳಲ್ಲ. ಕೊಲೆ ಮಾಡಿದವನು ಯಾರೆಂದು ಮೊದಲೇ ಕೊನೆಯ ಪುಟ ನೋಡಿಕೊಂಡು, ಆಮೇಲೆ ನಿಶ್ಚಿಂತೆಯಿಂದ ಓದುತ್ತಾಳೆ. ರಿಟೈರಾದ ಮೇಷ್ಟ್ರೊಬ್ಬರು ಎಂಥ ಪುಸ್ತಕ ಕೊಟ್ಟರೂ ಅಚ್ಚಿನ ತಪ್ಪು ಹುಡುಕಿ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಾರೆ. ಲೈಬ್ರರಿಯಾಕೆ ಎಲ್ಲದಕ್ಕೂ ಅಳುತ್ತಾಳೆ, ಅಡುಗೆ ಪುಸ್ತಕವೊಂದನ್ನು ಬಿಟ್ಟು. ಇವರಿಗೆಲ್ಲ ನಾನು ಹೊಲಿಗೆಯಮ್ಮ. ಓದುವ ಹುಚ್ಚಿನವಳು, ಅಷ್ಟೇ. ನಾನು ನಿನ್ನ ಅಕ್ಕ ಎಂದು ಯಾರಿಗೂ ಗೊತ್ತಿಲ್ಲ. ನಮ್ಮ ಪುಟ್ಟಿಯ ವಿಷಯವೂ ಗೊತ್ತಿಲ್ಲ. ಇದ್ದ ಊರು ಬಿಟ್ಟು ನಾವು ಇಲ್ಲಿಗೆ ಬಂದದ್ದೇ ಅದಕ್ಕೆ.

ಯಾವಾಗಲಾದರೊಮ್ಮೆ ಎಲ್ಲರೂ ಒಂದೇ ಪುಸ್ತಕ ಓದಿ ಬರುತ್ತೇವೆ. ಆ ಸಂಜೆ ಪಾತ್ರಗಳ ಹೆಸರು ಬರೆದು ಚೀಟಿ ಎತ್ತುವುದು. ಯಾರ ಚೀಟಿ ಬಂತೋ ಅವರಾಗಿ ‘ನಾನು’ ಎಂದೇ ಮಾತಾಡಬೇಕು, ಉಳಿದವರು ಪ್ರಶ್ನೆ ಕೇಳುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಿಕೊಳ್ಳಬಹುದು. ಇರುವುದನ್ನು ಇಲ್ಲ ಎನ್ನುವ ಹಾಗಿಲ್ಲ. ನಿಯಮ ಮಾಡಿದವರು ಮೇಷ್ಟ್ರು. ಒಮ್ಮೆ ನಾನು ಕಳ್ಳನಾಗಿ ಅವರನ್ನೆಲ್ಲ ನಗಿಸಿ ನಗಿಸಿ ಸುಸ್ತು ಮಾಡಿದ್ದೆ. ವಾರವಿಡೀ ನಾನು ಕಾಯುತ್ತಿದ್ದದ್ದು ಆ ಕೋಣೆಗೇ.

ಲೈಬ್ರರಿಯಾಕೆ ನಿನ್ನ ಪುಸ್ತಕ ತರಿಸಿದಳು. ‘ಹೊಸಬ ಬರೆದಿದ್ದು, ಎದೆ ಹಿಂಡುತ್ತೆ ಕಣ್ರೀ’ ಎಂದು ಎಲ್ಲರಿಗೂ ಹಂಚಿದಳು. ನಿನ್ನ ಭಾಷೆಯ ತಂಟೆಗೆ ಯಾರೂ ಬರಲಿಲ್ಲ. ಮೇಷ್ಟ್ರ ಪೆನ್ಸಿಲಿಗೆ ನೀನು ಕೊಟ್ಟ ಕೆಲಸ ತೀರಾ ಕಡಿಮೆ, ಅದಕ್ಕೆ ಅವರಿಗೆ ಬೇಜಾರು. ‘ಸಾಯೋದು ಏಳನೇ ಅಧ್ಯಾಯದಲ್ಲೇ ಆಗೋಯ್ತಲ್ಲ, ಉಳಿದಿದ್ದನ್ನ ಯಾಕೆ ಓದ್ಬೇಕು?’ ಎಂದಳು ನರ್ಸಮ್ಮ. ನನಗೆ ಎರಡನೇ ಅಧ್ಯಾಯದಲ್ಲಿ ಬರುವ ನಮ್ಮ ಹಳೇ ಮನೆ ಇಷ್ಟವಾಯಿತು. ನಮ್ಮ ನಲ್ಲಿ ಕೆಮ್ಮಿ ಕೆಮ್ಮಿ ನೀರು ಬಿಡುತ್ತಿದ್ದದ್ದನ್ನು ಓದಿ ಒಬ್ಬಳೇ ನಕ್ಕೆ.

ಇನ್ನು ಏಳನೇ ಅಧ್ಯಾಯ. ನಲ್ಲಿ ರಿಪೇರಿಯವನು ಹಿತ್ತಲಿನ ನೀರಿನ ಸಂಪಿನ ಮುಚ್ಚಳ ತೆಗೆದಿಟ್ಟು ಹೋದದ್ದು ನಿಜ. ಮಗು ಆಡುತ್ತ ಹಿತ್ತಲಿಗೆ ಹೋದದ್ದು ನಿಜ. ತಾಯಿ ಒಳಗೆ ಹೊಲಿಯುತ್ತ ಕೂತದ್ದೂ ನಿಜ. ಆದರೆ ನಿನ್ನ ಪುಸ್ತಕದ ತಾಯಿಗೆ ಮಗುವಿನ ಕೂಗು ಕೇಳಿಸುತ್ತದೆ. ಮಿಷನ್ನು ನಿಲ್ಲಿಸಿ, ಕಿವಿಗೊಟ್ಟು, ‘ಒಂದು ಹೊಲಿಗೆ ಇರು, ಬಂದೆ’ ಎಂದು ಮತ್ತೆ ಪೆಡಲ್ ಒತ್ತುತ್ತಾಳೆ. ಆ ಮಾತು ನನ್ನದು. ನಿನಗೆ, ಭಾವನಿಗೆ, ಹಾಲಿನವನಿಗೆ, ಬಂದಬಂದವರಿಗೆಲ್ಲ ಹೇಳುತ್ತಿದ್ದೆ. ಅವತ್ತು ಯಾರಿಗೂ ಹೇಳಲಿಲ್ಲ ಕಣೋ. ನನಗೆ ಏನೂ ಕೇಳಿಸಲಿಲ್ಲ. ಕಥೆಗೆ ಅದು ಬೇಕಿತ್ತು ಎನ್ನುತ್ತೀಯೇನೋ. ಕಥೆಗೆ ಏನು ಬೇಕೆಂದು ನನಗೇನು ಗೊತ್ತು, ನಾನು ಬಟ್ಟೆ ಹೊಲಿಯುವವಳು.

ತಾಯಿಯ ಚೀಟಿ ನನಗೇ ಬಂತು. ತಲೆನೋವು ಎಂದು ಎದ್ದು ಬರಬಹುದಿತ್ತು. ಬರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ನನ್ನ ಬಾಯಿಂದ ಕೇಳಿರಲಿಲ್ಲ, ಹೇಳಿಯೇಬಿಡೋಣ ಅನ್ನಿಸಿತು.

‘ನಂಗೆ ಕೇಳಿಸ್ಲಿಲ್ಲ’ ಎಂದೆ. ‘ಮಿಷನ್ನು ಓಡ್ತಾ ಇತ್ತು. ಕೇಳಿಸಿದ್ರೆ ಬಟ್ಟೆ ಎಸೆದು ಓಡ್ತಿರ್ಲಿಲ್ವಾ?’

ಮೇಷ್ಟ್ರು ಪುಟ ತೆರೆದು ಬೆರಳಿಟ್ಟರು. ‘ಹೊಲಿಗೆಯಮ್ಮ, ಇಲ್ಲಿ ಸ್ಪಷ್ಟವಾಗಿದೆ. ಕೇಳಿಸ್ತು ಅಂತ.’

‘ಬರೆದೋರಿಗೆ ಗೊತ್ತಿಲ್ಲ.’

ಎಲ್ಲರೂ ನಕ್ಕರು. ನಾನು ಚೆನ್ನಾಗಿ ಪಾತ್ರ ವಹಿಸುತ್ತಿದ್ದೇನೆ ಎಂದುಕೊಂಡರು.

‘ಬರೆದೋರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತಮ್ಮ?’ ಎಂದರು ಮೇಷ್ಟ್ರು. ‘ಇರೋದನ್ನ ಇಲ್ಲ ಅನ್ನೋ ಹಾಗಿಲ್ಲ.’

ನರ್ಸಮ್ಮ ಮಾತ್ರ ನಗಲಿಲ್ಲ. ‘ಇಂಥ ತಾಯಂದಿರನ್ನ ಆಸ್ಪತ್ರೇಲಿ ನೋಡಿದೀನಿ. ಎಲ್ಲರೂ ಇದನ್ನೇ ಹೇಳ್ತಾರೆ. ಪಾಪ, ಇನ್ನೇನು ಹೇಳಕ್ಕಾಗುತ್ತೆ?’ ಎಂದಳು. ಲೈಬ್ರರಿಯಾಕೆ ಕಣ್ಣೊರೆಸಿಕೊಂಡು ನನ್ನ ಕೈ ಅದುಮಿದಳು. ಅವಳು ಸಮಾಧಾನ ಮಾಡಿದ್ದು ನಿನ್ನ ಪುಸ್ತಕದ ಹೆಂಗಸನ್ನು.

ತಿರುಗಿ ನೋಡಿದರೆ ನಿನ್ನ ಭಾವ ಬಾಗಿಲಲ್ಲಿ ನಿಂತಿದ್ದರು. ಪ್ರತಿ ಶನಿವಾರ ಕೆಳಗೆ ಕಟ್ಟೆಯ ಮೇಲೆ ಕೂತು ಕಾಯುವವರು ಅವತ್ತೇಕೆ ಮೆಟ್ಟಿಲು ಹತ್ತಿದರೋ! ಮಾರನೆಯ ದಿನ ನನ್ನ ಚೀಲದಿಂದ ಅವರೇ ಪುಸ್ತಕ ತೆಗೆದುಕೊಂಡರು. ಲಿಫ್ಟ್ ರಿಪೇರಿಯ ಕೈಪಿಡಿ ಬಿಟ್ಟು ಬೇರೆ ಪುಸ್ತಕ ಬಿಡಿಸದ ಮನುಷ್ಯ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತ ಹೋದರು. ನಾನು ಒಳಗೂ ಹೊರಗೂ ಓಡಾಡುತ್ತ ಬೆರಳು ಎಲ್ಲಿಗೆ ಬಂತೆಂದು ಕದ್ದು ನೋಡುತ್ತಿದ್ದೆ.

ಏಳನೆಯದು ಮುಗಿದ ದಿನ ಊಟದ ತಟ್ಟೆಯ ಮುಂದೆ ಕೇಳಿದರು: ‘ನಿಜವಾಗ್ಲೂ ಕೇಳಿಸ್ಲಿಲ್ವಾ?’

‘ಇಲ್ಲ’ ಎಂದೆ. ‘ಅವನು ಕಟ್ಟಿ ಬರೆದಿದ್ದು.’

‘ಅಷ್ಟೆಲ್ಲ ಇದ್ದದ್ದು ಇದ್ದ ಹಾಗೇ ಬರೆದು, ಇದೊಂದನ್ನ ಯಾಕೆ ಕಟ್ತಾನೆ?’

ನಾನು ಸಾರು ಬಡಿಸಿದೆ. ‘ಹೋಗ್ಲಿ ಬಿಡು’ ಎಂದು ಅನ್ನ ಕಲಸಿಕೊಂಡರು. ಬೈದಿದ್ದರೆ ಜಗಳವಾಡಬಹುದಿತ್ತು. ಅವರು ಒಂದು ಮಾತನ್ನೂ ಎತ್ತಿ ಆಡಲಿಲ್ಲ. ನನ್ನನ್ನು ಕ್ಷಮಿಸಿಬಿಟ್ಟಿದ್ದಾರೆ, ತಮ್ಮ. ಮಾಡದೇ ಇದ್ದದ್ದಕ್ಕೆ ಕ್ಷಮೆ ಸಿಕ್ಕಿದರೆ ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಕಳೆದ ವಾರ ಹೊಲಿಯುತ್ತ ಕೂತಿದ್ದೆ. ಹಿತ್ತಲಿನಿಂದ ಯಾರೋ ಕರೆದ ಹಾಗಾಯಿತು. ಮಿಷನ್ನು ನಿಲ್ಲಿಸಿ, ‘ಏನ್ರೀ?’ ಎಂದು ಹೊರಗೆ ಹೋದೆ. ಒಗೆಯುವ ಕಲ್ಲಿನ ಪಕ್ಕ ಅವರು ಸುಮ್ಮನೆ ನಿಂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ, ಕೆಲಸವೂ ಇರಲಿಲ್ಲ. ನನ್ನ ಮುಖ ನೋಡಿದರು, ನೆಲ ನೋಡಿದರು. ಸದ್ದು ಕೇಳಿಯೇ ಲಿಫ್ಟಿನ ರೋಗ ಹೇಳುವವರು ಅವರು. ಮಿಷನ್ನಿನ ಸದ್ದಿನಲ್ಲಿ ಕೂಗು ಕೇಳಿಸುತ್ತದೋ ಎಂದು ಪರೀಕ್ಷೆ ಮಾಡುತ್ತಿದ್ದಾರೆಂದು ನನಗೆ ತಿಳಿಯಿತು. ‘ಇದು ಹೊಸಾ ಮಿಷನ್ನು, ಸದ್ದು ಕಮ್ಮಿ. ಹಳೇದು ಹೀಗಿರ್ಲಿಲ್ಲ’ ಎಂದೆ. ‘ಹೌದೌದು, ಅದು ಬಹಳ ಸದ್ದು ಮಾಡ್ತಿತ್ತು’ ಎಂದರು. ಹಳೆಯದನ್ನು ಊರು ಬಿಡುವಾಗಲೇ ಗುಜರಿಗೆ ಕೊಟ್ಟಿದ್ದೇವೆ.

ಭಾವನಿಗೆ ಪತ್ರ ಬರೆದು ‘ಅದು ನನ್ನ ಕಲ್ಪನೆ’ ಎಂದು ತಿಳಿಸುತ್ತೇನೆ ಎಂದು ಹೊರಡಬೇಡ. ನಾನೇ ಹೇಳಿ ಬರೆಸಿದೆ ಎಂದುಕೊಳ್ಳುತ್ತಾರೆ. ಎರಡನೇ ಮುದ್ರಣ ಬರುತ್ತಿದೆಯಂತೆ, ಅದರಲ್ಲಿ ತೆಗೆದರೂ ಅದೇ ಗತಿ. ನಿಜವಾಗಿದ್ದಕ್ಕೇ ತೆಗೆದ ಎನ್ನುತ್ತಾರೆ. ಶನಿವಾರ ನಾನು ಲೈಬ್ರರಿಗೆ ಹೋಗುತ್ತಿಲ್ಲ. ಈಗ ಏನು ಓದುತ್ತಿದ್ದೀ ಎಂದು ಕೇಳಿದ್ದೆಯಲ್ಲ, ಏನೂ ಓದುತ್ತಿಲ್ಲ. ಓದುವುದಾದರೆ ಅದೇ ಎರಡು ಪುಟ.

ನಿನ್ನ ಮೇಲೆ ಸಿಟ್ಟಿದೆ. ಎಲ್ಲಿ ತೀರಿಸಿಕೊಳ್ಳಲಿ? ನಿನ್ನ ಮೂಗು ಒರೆಸಿ ಬೆಳೆಸಿದ ಕೈ ಇದು. ಜನ ನಿನ್ನನ್ನು ಮೆಚ್ಚುತ್ತಿದ್ದಾರೆ, ಇನ್ನೂ ಮೆಚ್ಚಲಿ. ಕಣ್ಣು ಕೆಡಿಸಿಕೊಳ್ಳಬೇಡ, ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಮನೆ ತುಂಬಿರಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ನಿನ್ನ ಪುಸ್ತಕದ ಮಗು ‘ಅಮ್ಮಾ’ ಎಂದು ಕೂಗುತ್ತದೆ. ನಮ್ಮ ಪುಟ್ಟಿ ನನ್ನನ್ನು ಒಂದು ದಿನವೂ ಅಮ್ಮ ಎಂದವಳಲ್ಲ. ನೀನು ಕರೆಯುವುದನ್ನು ಕೇಳಿ ಕೇಳಿ ‘ಅಕ್ಕಾ’ ಎಂದೇ ಕರೆಯುತ್ತಿದ್ದಳು. ನಿನಗೆ ಅದು ಮರೆತೇಹೋಗಿರಬೇಕು. ಈಚೆಗೆ ಮಿಷನ್ನಿನ ಮುಂದೆ ಕೂತರೆ ಸಾಕು, ನನಗೆ ಆ ಕೂಗು ಕೇಳಿಸತೊಡಗಿತ್ತು. ‘ಅಮ್ಮಾ’ ಎನ್ನುತ್ತಿದ್ದದ್ದರಿಂದ ಇದು ನಿನ್ನ ಪುಸ್ತಕದ ಮಗು, ನನ್ನದಲ್ಲ ಎಂದು ಧೈರ್ಯ ತಂದುಕೊಂಡು ಹೊಲಿಯುತ್ತಿದ್ದೆ. ನಿನ್ನೆಯಿಂದ ಅದು ‘ಅಕ್ಕಾ’ ಎನ್ನುತ್ತಿದೆ.